ಸೀಟು ಬಿಟ್ಟರೆ ದುಡ್ಡು ಬತ್ತದಾ ಸಾಮಿ?

ಮದ್ದೂರು: ಏಪ್ರಿಲ್-ಮೇ ಬಂತೆಂದರೆ ನಮ್ಮ ತಾಲೂಕಿನಲ್ಲಿ ಎರಡು ವ್ಯಾಪಾರ ಜೋರು. ಒಂದು ಎಳನೀರು, ಇನ್ನೊಂದು ಇಸ್ಕೂಲ್ ಸೀಟು. ಎಳನೀರಿನದು ಸರಳ. ಕೊಚ್ಚಿದ ಕಾಯಲ್ಲಿ ನೀರಿಲ್ಲದಿದ್ದರೆ ಅಂಗಡಿಯವನು ಗೊಣಗಿಕೊಂಡಾದರೂ ಬೇರೆ ಕಾಯಿ ಕೊಡುತ್ತಾನೆ. ಇಸ್ಕೂಲಿನದು ಹಾಗಲ್ಲ. ಕೌಂಟರಿನ ಕಿಟಕಿಯೊಳಗೆ ದುಡ್ಡು ಹೋದರೆ ಹೋಯಿತು. ರಸೀದಿಯ ತಳದಲ್ಲಿ ಇರುವೆ ಸಾಲಿನಂತೆ ಒಂದು ಮಾತು ಅಚ್ಚಾಗಿರುತ್ತದೆ: ‘ಕಟ್ಟಿದ ಹಣವನ್ನು ಯಾವ ಕಾರಣಕ್ಕೂ ಹಿಂತಿರುಗಿಸುವುದಿಲ್ಲ.’ ಅದನ್ನು ಓದುವವರು ಯಾರು? ಸೀಟು ಸಿಕ್ಕಿತಲ್ಲ ಎಂದು ಖುಷಿಯಲ್ಲಿ ಮಡಿಚಿ ಜೇಬಿಗೆ ಇಡುತ್ತೇವೆ.

ಸೀಟು ಬಿಡುವವರು ಶೋಕಿಗೆ ಬಿಡುವುದಿಲ್ಲ. ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡಿ ಸುಸ್ತಾದವರು ಒಂದು ದಿನ ಸಂಸಾರವನ್ನೇ ಅಲ್ಲಿಗೆ ಸಾಗಿಸುತ್ತಾರೆ. 2023ರಲ್ಲಿ ಹೊಸ ಹೆದ್ದಾರಿ ಊರಾಚೆ ಹಾದುಹೋದ ಮೇಲೆ ಹಳೇ ರಸ್ತೆಯ ಹೋಟೆಲು, ಅಂಗಡಿಗಳ ಗಲ್ಲಾ ತೆಳ್ಳಗಾಯಿತು. ಆ ಗಲ್ಲಾ ನಂಬಿಕೊಂಡು ಮಗುವಿಗೆ ಇಂಗ್ಲಿಷ್ ಮೀಡಿಯಂ ಹಿಡಿಸಿದ್ದವರು ಯೋಚನೆಗೆ ಬಿದ್ದರು. ಇನ್ನು ರೈತರ ಕತೆ ಹೇಳುವುದೇ ಬೇಡ. ಫ್ಯಾಕ್ಟರಿಗೆ ಕಬ್ಬು ಹೋದಾಗಲೇ ದುಡ್ಡೂ ಬಂದಿದ್ದರೆ ಅರ್ಧ ತಾಲೂಕಿನ ತಾಪತ್ರಯ ತೀರುತ್ತಿತ್ತು.

ಒಂದು ಲೆಕ್ಕ ಹಾಕಿ ನೋಡೋಣ. ಕೊಪ್ಪದ ಕಡೆಯ ಒಬ್ಬ ತಂದೆ ಒಂದನೇ ಕ್ಲಾಸಿಗೆ ಮೇ 10ರಂದು 30,000 ರೂ. ಕಟ್ಟಿದ ಎಂದಿಟ್ಟುಕೊಳ್ಳಿ. ಅಡ್ಮಿಷನ್ 5,000, ಬೋಧನಾ ಶುಲ್ಕ 18,000, ವ್ಯಾನು 4,000, ಪುಸ್ತಕ-ಬಟ್ಟೆ 3,000. ಇಸ್ಕೂಲು ಬಾಗಿಲು ತೆರೆಯುವ ಮೊದಲೇ ಅವನು ಊರು ಬಿಡಬೇಕಾಯಿತು. ಮಗು ಒಂದು ದಿನವೂ ಬೆಂಚಿನ ಮೇಲೆ ಕೂತಿಲ್ಲ. ವ್ಯಾನಿನ ಮೆಟ್ಟಿಲು ಹತ್ತಿಲ್ಲ. ಇದರಲ್ಲಿ ಎಷ್ಟು ವಾಪಸ್ ಬರಬೇಕು?

ನ್ಯಾಯ ಕೇಳಿದರೆ ಬಹುಪಾಲು ಬರಬೇಕು. ಕಾನೂನು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ.

ಕಾಲೇಜಿಗೊಂದು, ಇಸ್ಕೂಲಿಗೊಂದು

ಡಿಗ್ರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಯು.ಜಿ.ಸಿ. 2018ರಲ್ಲಿ ಪಟ್ಟಿಯನ್ನೇ ಹಾಕಿಕೊಟ್ಟಿತು. ಪ್ರವೇಶದ ಕೊನೆ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಪೂರ್ತಿ ಫೀಸು ವಾಪಸ್; ಖರ್ಚಿಗೆಂದು ಹಿಡಿದುಕೊಳ್ಳುವುದು ಶೇ. 5, ಅದೂ 5,000 ರೂ. ಮೀರಬಾರದು. ಕೊನೆಯ 15 ದಿನದೊಳಗೆ ಬಿಟ್ಟರೆ ಶೇ. 90. ಕೊನೆ ದಿನ ಕಳೆದು 15 ದಿನದವರೆಗೆ ಶೇ. 80, ಒಂದು ತಿಂಗಳವರೆಗೆ ಶೇ. 50. ಆಮೇಲೆ ಸೊನ್ನೆ.

ಒಂದನೇ ಕ್ಲಾಸಿನ ಮಗುವಿಗೆ ಇಂಥ ಪಟ್ಟಿ ಇಲ್ಲ. ಪಿ.ಯು.ಸಿ.ಗೂ ಯು.ಜಿ.ಸಿ. ಪಟ್ಟಿ ತಾಗುವುದಿಲ್ಲ. ಖಾಸಗಿ ಶಾಲೆಯ ಫೀಸಿನ ಮೇಲೆ ಸರ್ಕಾರ ಲಗಾಮು ಹಾಕಲು ಹೊರಟಾಗ ಅನುದಾನರಹಿತ ಶಾಲೆಗಳವರು ಹೈಕೋರ್ಟಿಗೆ ಹೋದರು. ರಾಜ್ಯದ ಶಿಕ್ಷಣ ಕಾಯಿದೆಯ ಶುಲ್ಕದ ಕಲಮು ತಮಗೆ ಅನ್ವಯಿಸದೆಂಬ ತೀರ್ಪನ್ನು 2023ರ ಜನವರಿಯಲ್ಲಿ ಪಡೆದರು. ಕೊರೋನಾ ವರ್ಷದ ಜಗ್ಗಾಟ ನಿಮಗೆ ನೆನಪಿರಬಹುದು. 2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕದಲ್ಲಿ ಶೇ. 70 ಮಾತ್ರ ತೆಗೆದುಕೊಳ್ಳಿ ಎಂದಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಶೇ. 15 ಕಡಿತ ಸಾಕು ಎಂದಿತು. ಊರಿಗೆ ಊರೇ ಬೀಗ ಹಾಕಿಕೊಂಡಿದ್ದ ವರ್ಷದ ಕತೆಯೇ ಹೀಗೆ.

ನಮ್ಮ ಪೇಟೆ ಬೀದಿಯ ವರ್ತಕರು ಒಂದು ತಮಾಷೆ ಗಮನಿಸಬೇಕು. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿ ನೀವು ಕೆಟ್ಟ ಮಾಲನ್ನು ವಾಪಸ್ ತೆಗೆದುಕೊಳ್ಳದಿದ್ದರೆ 2019ರ ಗ್ರಾಹಕ ಕಾಯಿದೆ ಅದನ್ನು ಅನುಚಿತ ವ್ಯಾಪಾರ ಎನ್ನುತ್ತದೆ. ಬಿಲ್ಲಿನಲ್ಲಿ ಗಡುವು ಇಲ್ಲದಿದ್ದರೆ 30 ದಿನದೊಳಗೆ ದುಡ್ಡು ಕೊಡಬೇಕು. ಅದೇ ಮಾತು ಇಸ್ಕೂಲ್ ರಸೀದಿಯಲ್ಲಿದ್ದರೆ? ವಿದ್ಯೆ ಮಾರಾಟದ ಸರಕಲ್ಲ, ಶಾಲಾ-ಕಾಲೇಜು ಈ ಕಾಯಿದೆಗೆ ಸಿಗುವುದಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಜನವರಿಯಲ್ಲಿ ಹೇಳಿದೆ. ನೂರು ರೂಪಾಯಿ ಟಾರ್ಚಿಗೆ ಇರುವ ದಿಕ್ಕು ಮೂವತ್ತು ಸಾವಿರದ ಸೀಟಿಗಿಲ್ಲ!

ಆದರೆ ಅದೇ ತೀರ್ಪು ಕೋಚಿಂಗ್ ಸೆಂಟರುಗಳನ್ನು ಹೊರಗೆ ಬಿಟ್ಟಿಲ್ಲ. ನೀಟು, ಸಿ.ಇ.ಟಿ. ಎಂದು ಪಿ.ಯು.ಸಿ. ಜೊತೆ ಕೋಚಿಂಗ್ ಗಂಟುಹಾಕಿ ಎರಡು ವರ್ಷದ ದುಡ್ಡು ಒಟ್ಟಿಗೆ ಕಿತ್ತುಕೊಳ್ಳುವ ಕಡೆ ಇದನ್ನು ಮರೆಯಬೇಡಿ. ಕಾಲೇಜಿನ ಫೀಸಿಗೆ ಒಂದು, ಕೋಚಿಂಗಿಗೆ ಒಂದು ಬೇರೆ ಬೇರೆ ರಸೀದಿ ಕೇಳಿ. ಕೋಚಿಂಗ್ ರಸೀದಿ ಹಿಡಿದು ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಸೆಂಟರು ಬೆಂಗಳೂರಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಲು ಬರುತ್ತದೆ. ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು ಅಷ್ಟೆ.

ವರ್ಷಗಟ್ಟಲೆ ಫೀಸು ಮುಂಗಡ ಕೀಳುವುದು ತಪ್ಪು ಎಂಬ ಮಾತೂ ಹೊಸದಲ್ಲ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಇಸ್ಲಾಮಿಕ್ ಅಕಾಡೆಮಿ ಕೇಸಿನಲ್ಲಿ 2003ರ ಆಗಸ್ಟಿನಲ್ಲೇ ಆ ಮಾತು ಬಂದಿದೆ. ವೃತ್ತಿಶಿಕ್ಷಣ ಕಾಲೇಜು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಫೀಸು ಮಾತ್ರ ತೆಗೆದುಕೊಳ್ಳಬೇಕು, ಹುಡುಗ ನಡುವೆ ಬಿಟ್ಟಾನೆಂಬ ಭಯವಿದ್ದರೆ ಬಾಂಡೋ ಬ್ಯಾಂಕ್ ಗ್ಯಾರಂಟಿಯೋ ಕೇಳಲಿ ಎಂದಿತು ಕೋರ್ಟು.

ಮಗು ಒತ್ತೆ ಮಾಲಲ್ಲ

ದುಡ್ಡಿನ ಮಾತು ಹೀಗಾಯಿತು. ಇದಕ್ಕಿಂತ ಕೆಟ್ಟದ್ದು ಟಿ.ಸಿ. ಆಟ. ‘ಬಾಕಿ ಚುಕ್ತಾ ಮಾಡಿ, ಟಿ.ಸಿ. ತಗೊಂಡು ಹೋಗಿ’ ಎಂಬ ಮಾತು ಕೇಳಿದ ಕೂಡಲೇ ನಮ್ಮ ಜನ ತಣ್ಣಗಾಗುತ್ತಾರೆ. ‘ಹೋಗ್ಲಿ ಬುಡಿ ಸಾ, ಕಟ್ಟಿದ್ ದುಡ್ಡೂ ಬ್ಯಾಡ, ಟಿ.ಸಿ. ಒಂದ್ ಕೊಡಿ’ ಎಂದು ಕೈಮುಗಿದು ಬರುತ್ತಾರೆ. ಬರಬೇಕಾದ್ದನ್ನೂ ಬಿಟ್ಟು, ಕೊಡಬೇಕಿಲ್ಲದ್ದನ್ನೂ ಕೊಟ್ಟು!

ಇಲ್ಲಿ ಕಾನೂನು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 5ನೇ ಕಲಮು ಓದಿ. ಮಗು ಯಾವ ಕಾರಣಕ್ಕೇ ಶಾಲೆ ಬದಲಿಸಲಿ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಹಕ್ಕು ಅದಕ್ಕಿದೆ. ಹಳೇ ಶಾಲೆಯ ಹೆಡ್‌ಮಾಸ್ತರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ತಡ ಮಾಡಿದರೆ ಶಿಸ್ತು ಕ್ರಮ. ಟಿ.ಸಿ. ಬಂದಿಲ್ಲ ಎಂದು ಹೊಸ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ಕ್ಲಾಸಿನವರೆಗೆ, ಇದು ನಡೆಯುತ್ತದೆ. ಒಂಬತ್ತು-ಹತ್ತನೇ ಕ್ಲಾಸಿನವರಿಗೆ ಈ ಕಲಮಿನ ನೆರಳಿಲ್ಲ. ಅವರು ಬಿ.ಇ.ಓ. ಆಫೀಸಿಗೇ ಅರ್ಜಿ ಹಿಡಿದು ಓಡಾಡಬೇಕು.

ಈಗ ಕಾಗದದ ಟಿ.ಸಿ. ಜೊತೆ ಸ್ಯಾಟ್ಸ್ ಎಂಬ ಕಂಪ್ಯೂಟರ್ ದಾಖಲೆಯೂ ಇದೆ. ಹಳೇ ಶಾಲೆಯವರು ಅದರಲ್ಲಿ ಮಗುವಿನ ಹೆಸರು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಪಟ್ಟಿಗೆ ಹೆಸರು ಹತ್ತುವುದಿಲ್ಲ. ಬೀಗ ಬದಲಾಯಿತು, ಆಟ ಅದೇ. ಮಗುವನ್ನು ಕ್ಲಾಸಿಗೆ ಕೂರಿಸಿ, ಸ್ಯಾಟ್ಸ್ ವಿಷಯ ಬಿ.ಇ.ಓ.ಗೆ ಬರೆದುಕೊಡಿ. ಅಲ್ಲಿ ಫೈಲು ಮಲಗಿದರೆ ಮಂಡ್ಯದ ಡಿ.ಡಿ.ಪಿ.ಐ. ಕಚೇರಿಗೆ.

ಡೊನೇಷನ್ ಕೊಟ್ಟವರಿಗೂ ಇದೇ ಕಾಯಿದೆಯಲ್ಲಿ ಆಯುಧವಿದೆ. ಶಾಲೆ ಪ್ರಕಟಿಸಿದ ಫೀಸು ಪಟ್ಟಿಯಲ್ಲಿ ಇಲ್ಲದ ಯಾವುದೇ ವಸೂಲಿ, ಕಟ್ಟಡ ನಿಧಿ ಎನ್ನಿ, ಕಾಣಿಕೆ ಎನ್ನಿ, ಅದು ಕ್ಯಾಪಿಟೇಷನ್. ದಂಡ ಹತ್ತು ಪಟ್ಟಿನವರೆಗೆ. ಆದರೆ ರಸೀದಿ ಇಲ್ಲದೆ ಕೊಟ್ಟು ಬಂದವರು ಯಾವ ಬಾಯಲ್ಲಿ ಕೇಳುತ್ತಾರೆ?

ಶಾಲೆಯವರ ಕಷ್ಟವನ್ನೂ ಹೇಳಬೇಕು. ಅನುದಾನವಿಲ್ಲದ ಶಾಲೆಯಲ್ಲಿ ಮೇಷ್ಟ್ರ ಸಂಬಳ ಫೀಸಿನಿಂದಲೇ ಬರಬೇಕು. ಆಗಸ್ಟಿನಲ್ಲಿ ಮಗು ಬಿಟ್ಟರೆ ಆ ಬೆಂಚು ವರ್ಷಪೂರ್ತಿ ಖಾಲಿ. ಅಂಥವರು ಸ್ವಲ್ಪ ಹಿಡಿದುಕೊಂಡರೆ ತಪ್ಪೆನ್ನಲಾಗದು. ಮೇ ತಿಂಗಳಲ್ಲೇ ಬಿಟ್ಟ ಸೀಟನ್ನು ಮಾರನೇ ದಿನ ಇನ್ನೊಬ್ಬನಿಗೆ ಕೊಟ್ಟು ಇಬ್ಬರ ದುಡ್ಡೂ ಇಟ್ಟುಕೊಳ್ಳುವುದಕ್ಕೆ ಮಾತ್ರ ಏನೆನ್ನಬೇಕು? 1872ರ ಕರಾರು ಕಾಯಿದೆಯ 74ನೇ ಕಲಮು ಕರಾರು ಮುರಿದಾಗ ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಸೀಟು ತುಂಬಿದ ಮೇಲೆ ನಷ್ಟ ಎಲ್ಲಿಂದ ಬಂತು ಎಂದು ಕೇಳಲು ಸಿವಿಲ್ ಕೋರ್ಟಿನ ಬಾಗಿಲು ತೆರೆದೇ ಇದೆ. ಮೂವತ್ತು ಸಾವಿರಕ್ಕೆ ವಕೀಲರ ಫೀಸು ಯಾರು ಕೊಡುತ್ತಾರೆ ಎಂಬುದು ಬೇರೆ ಮಾತು.

ಅದಕ್ಕೇ ಮೊದಲು ಕಾಗದ. ಸೀಟು ಬಿಡುವುದು ಖಾತ್ರಿಯಾದ ದಿನವೇ ಬರೆಯಿರಿ. ಬಾಯಲ್ಲಿ ಹೇಳಿ ಬಂದರೆ ಲೆಕ್ಕಕ್ಕಿಲ್ಲ. ಮಗುವಿನ ಹೆಸರು, ಕ್ಲಾಸು, ರಸೀದಿ ನಂಬರು, ತಾರೀಖು, ಮಗು ಎಷ್ಟು ದಿನ ಬಂತು ಎಂಬುದು ಅದರಲ್ಲಿರಲಿ. ಬೋಧನಾ ಶುಲ್ಕ, ವ್ಯಾನು, ಪುಸ್ತಕ ಎಂದು ಬೇರೆ ಬೇರೆಯಾಗಿ ಕೇಳಿ. ಹೊಲಿಸಿದ ಬಟ್ಟೆ ವಾಪಸ್ ಹೋಗದು, ಹತ್ತದ ವ್ಯಾನಿನ ದುಡ್ಡು ಬರಬೇಕು. ಟಿ.ಸಿ. ಅರ್ಜಿಯನ್ನು ಇದಕ್ಕೆ ಸೇರಿಸಬೇಡಿ, ಅದು ಬೇರೆಯೇ ಹಾಳೆಯಲ್ಲಿರಲಿ. ಎರಡಕ್ಕೂ ನಕಲು ಇಟ್ಟುಕೊಂಡು ಆಫೀಸಿನಲ್ಲಿ ಮೊಹರು ಹಾಕಿಸಿ. ಮೊಹರು ಹಾಕಲ್ಲ ಅಂದರೋ, ಜಗಳ ಮಾಡದೆ ನೇರ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಆ ಚೀಟಿಯನ್ನು ಫೀಸಿನ ರಸೀದಿಗೆ ಪಿನ್ನು ಹೊಡೆದಿಡಿ.