ಸೈರನ್ ಕೂಗಿದ ಮೇಲಿನ ಎರಡು ತಾಸು

ಮಹಾರಾಷ್ಟ್ರದ ಧಾರಾಶಿವ ಜಿಲ್ಲೆ ಉಮರ್ಗಾ ತಾಲೂಕಿನ ಜಕೇಕೂರವಾಡಿ ಗ್ರಾಮಸ್ಥರು 2022ರಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡರು. ಸಂಜೆ 6ಕ್ಕೆ ಸೈರನ್ ಕೂಗಿದರೆ ಮನೆಮನೆಯ ಟಿವಿ, ಮೊಬೈಲ್ ಬಂದ್. 8ರವರೆಗೆ ಮಕ್ಕಳು ಓದಿಗೆ ಕೂಡಬೇಕು. ಅದೇ ವರ್ಷ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವದಲ್ಲೂ ಸಂಜೆ 7ರಿಂದ ಒಂದೂವರೆ ತಾಸು ಇಂಥದೇ ಪದ್ಧತಿ ಶುರುವಾಗಿತ್ತು. 2024ರ ಕೊನೆಗೆ ಬೆಳಗಾವಿ ಪಕ್ಕದ ಹಲಗಾ ಗ್ರಾಮವೂ ಈ ದಾರಿ ಹಿಡಿಯಿತು.

ಮಕ್ಕಳನ್ನು ಓದಿಗೆ ಕೂಡಿಸುವುದು ಹೆತ್ತವರ ಕೆಲಸ. ಅದಕ್ಕೆ ಊರೇ ಸೈರನ್ ಹಾಕಬೇಕಾಗಿ ಬಂದಿದ್ದು ಒಮ್ಮೆಲೇ ಅಲ್ಲ. 2016ರ ನಂತರ ಡೇಟಾ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೇ ಮೊಬೈಲಿಗೆ ಬಂತು. ಶಾಲೆ ತೆರೆದರೂ ಮೊಬೈಲ್ ಮಕ್ಕಳ ಕೈಯಲ್ಲೇ ಉಳಿಯಿತು. ದಿನವಿಡೀ ಸೋಯಾ, ತೊಗರಿ ಹೊಲದಲ್ಲಿ ದುಡಿದು ಬಂದ ತಾಯಿ ಒಲೆ ಹಚ್ಚಬೇಕು, ರೊಟ್ಟಿ ಬಡಿಯಬೇಕು. ತಂಬಿಗೆಗೆ ಆನಿಸಿಟ್ಟ ಮೊಬೈಲಿನಲ್ಲಿ ಕಾರ್ಟೂನ್ ಓಡುತ್ತಿದ್ದರೆ ಕೂಸು ತಕರಾರಿಲ್ಲದೆ ಉಣ್ಣುತ್ತದೆ. ಇದಕ್ಕೆ ತಾಯಿಯನ್ನು ದೂರುವುದು ಅನ್ಯಾಯ. ಆದರೆ ತುತ್ತಿನ ಜೊತೆ ನಡೆಯಬೇಕಿದ್ದ ಮಾತು ಅಲ್ಲಿಗೆ ನಿಂತಿರುತ್ತದೆ.

ಮಾತು ನಿಂತರೆ ಏನಾಗುತ್ತದೆ ಎಂಬುದಕ್ಕೆ 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು, ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿದರು. ಕೆಲವು ಕೂಸುಗಳೆದುರು ಜೀವಂತ ವ್ಯಕ್ತಿ ಕುಳಿತು ಓದಿ, ಆಡಿಸಿದರು. ಉಳಿದವಕ್ಕೆ ಅದೇ ಮಾತುಗಳ ವಿಡಿಯೊ, ಇಲ್ಲವೇ ಬರೀ ಧ್ವನಿ. ಎದುರು ಕುಳಿತವರಿಂದ ಕೇಳಿದ ಕೂಸುಗಳು ಚೀನೀ ಧ್ವನಿಗಳನ್ನು ಗುರುತಿಸಲು ಕಲಿತವು. ಪರದೆಯ ಮುಂದಿದ್ದವು ಕಲಿಯಲೇ ಇಲ್ಲ. ಕೂಸು ತೊದಲಿದಾಗ ಪರದೆ ಓಗೊಡುವುದಿಲ್ಲ, ಅದರ ಕಣ್ಣು ಹೋದ ಕಡೆ ನೋಡುವುದಿಲ್ಲ.

ಉಮರ್ಗಾ ಸುತ್ತಲಿನ ಕನ್ನಡ-ಮರಾಠಿ ಗಡಿನಾಡಿನಲ್ಲಿ ಈ ನಷ್ಟ ಇಮ್ಮಡಿ. ಹತ್ತಿರದ ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರಿಗೆ ಬಂತು, ಈ ಎರಡು ಮುಂಬಯಿಗೆ ಹೋದವು, ಉಮರ್ಗಾವೂ ಅತ್ತಲೇ. ಇಲ್ಲಿನ ಎಷ್ಟೋ ಕನ್ನಡ ಮನೆಗಳ ಮಕ್ಕಳು ಕಲಿಯುವುದು ಮರಾಠಿ ಶಾಲೆಯಲ್ಲಿ. ಪೇಟೆ, ಕಚೇರಿಯ ವ್ಯವಹಾರವೂ ಮರಾಠಿಯೇ. ಅಂಥ ಮನೆಯಲ್ಲಿ ಕನ್ನಡಕ್ಕೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಅವ್ವ, ಅಪ್ಪ, ಅಜ್ಜಿಯ ಬಾಯೇ ಅದರ ಪಾಠಶಾಲೆ. ಅವರೊಡನೆ ಮಾತಾಡುವ ಹೊತ್ತನ್ನು ಹಿಂದಿ ಕಾರ್ಟೂನ್ ಆಕ್ರಮಿಸಿಕೊಂಡರೆ, ಧಾರವಾಡದ ಮಗುವಿಗೆ ಶಾಲೆ ತುಂಬಿಕೊಡಬಹುದಾದ ಕೊರತೆಯನ್ನು ಇಲ್ಲಿ ತುಂಬಿಕೊಡುವವರೇ ಇಲ್ಲ. ಅಜ್ಜಿಯ ಒಗಟು, ಗಾದೆ, ಬೀಸುವ ಪದ ಮೊಮ್ಮಗುವಿಗೆ ದಾಟುವುದು ಈ ಬಾಯಿಮಾತಿನಲ್ಲಷ್ಟೇ.

ಸೈರನ್ನಿನ ಬಲ ಇರುವುದು ಎಲ್ಲರಿಗೂ ಒಂದೇ ಹೊತ್ತು ಎಂಬುದರಲ್ಲಿ. ನೆರೆಮನೆಯ ಟಿವಿಯೂ ಬಂದಾಗಿದ್ದರೆ ಮಗು ಹಟ ಹಿಡಿಯುವುದು ಕಡಿಮೆ, ದೊಡ್ಡವರಿಗೂ ಧಾರಾವಾಹಿ ಬಿಡುವ ಧೈರ್ಯ. ಆದರೆ ಈ ಹೊತ್ತು ಮೀಸಲಾಗಿರುವುದು ಶಾಲಾ ಮಕ್ಕಳ ಓದಿಗೆ. ಮಾತು ಕಲಿಯುವ ವಯಸ್ಸು ಅದಕ್ಕೂ ಮೊದಲಿನದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡವೆಂದಿತು. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದಿತು. ಅಕ್ಕ ಮರಾಠಿ ಪುಸ್ತಕ ಹಿಡಿದು ಕೂತ ಆ ಎರಡು ತಾಸಿನಲ್ಲಿ ತಮ್ಮನನ್ನು ಅಜ್ಜಿಯ ತೊಡೆಯ ಮೇಲೆ ಕೂಡಿಸಿದರೆ ಅವನ ಕನ್ನಡಕ್ಕೂ ಹೊತ್ತು ಸಿಗುತ್ತದೆ.