ಹೊರನಾಡಿನ ಹಬ್ಬ ಮತ್ತು ಮನೆಯ ಅರ್ಥ

ವಿದೇಶದಲ್ಲಿರುವ ಕನ್ನಡಿಗರಿಗೆ ಹಬ್ಬದ ದಿನ ಬಹುಪಾಲು ಕೆಲಸದ ದಿನವೇ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಕಚೇರಿ, ಶಾಲೆಗೆ ಹೋಗಿ ಬಂದು, ಹಬ್ಬದೂಟವನ್ನು ಶನಿವಾರಕ್ಕೋ ಭಾನುವಾರಕ್ಕೋ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಸಿಂಗಪುರ, ಮಾರಿಷಸ್, ಫಿಜಿ ದೇಶಗಳಲ್ಲಿ ದೀಪಾವಳಿಗೆ ಸರ್ಕಾರಿ ರಜೆಯುಂಟು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ದೀಪಾವಳಿಗೆಂದು ಮೊದಲ ಬಾರಿ ಬಾಗಿಲು ಮುಚ್ಚಿದ್ದು 2024ರಲ್ಲಿ.

ಹಬ್ಬ ಯಾವ ದಿನ ಎಂಬುದೂ ಅಲ್ಲಿ ಲೆಕ್ಕ ಹಾಕಬೇಕಾದ ಸಂಗತಿ. ತಿಥಿ ಜಗತ್ತಿಗೆಲ್ಲ ಒಂದೇ ಗಳಿಗೆಯಲ್ಲಿ ಆರಂಭವಾದರೂ, ಹಲವು ಹಬ್ಬಗಳನ್ನು ಗೊತ್ತುಮಾಡುವುದು ಆಯಾ ಊರಿನ ಸೂರ್ಯೋದಯದಿಂದ. ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ ಆರು ಗಂಟೆಯಾದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೂ ಶುಕ್ರವಾರದ ಸಂಜೆ. ಹೀಗಾಗಿ ಕೆಲವು ಹಬ್ಬಗಳು ಅಮೆರಿಕದಲ್ಲಿ ಒಂದು ದಿನ ಮೊದಲೇ ಬರುತ್ತವೆ. ಅಲ್ಲಿನ ದೇವಸ್ಥಾನಗಳು ಸ್ಥಳೀಯ ಸಮಯಕ್ಕೆ ಹೊಂದಿಸಿದ ಪಂಚಾಂಗ ಬಳಸುವುದು ಇದೇ ಕಾರಣಕ್ಕೆ.

ಭೂಮಧ್ಯರೇಖೆಯ ಆಚೆಗೆ ಋತುವೇ ತಿರುವುಮುರುವು. ಕರ್ನಾಟಕದಲ್ಲಿ ಸಂಕ್ರಾಂತಿಯ ಹೊತ್ತಿಗೆ ಹಗಲು ಹಿಗ್ಗುತ್ತಿದ್ದರೆ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಡುಬೇಸಿಗೆ. ಹಗಲು ಆಗಲೇ ಕುಗ್ಗುತ್ತಿರುತ್ತದೆ. ಮರ ಚಿಗುರುವ ಕಾಲದ ಯುಗಾದಿ ಅಲ್ಲಿ ಎಲೆ ಉದುರುವ ಕಾಲಕ್ಕೆ ಬರುತ್ತದೆ. ಆದರೂ ಎಳ್ಳುಬೆಲ್ಲ ಹಂಚುವುದು, ಬೇವುಬೆಲ್ಲ ತಿನ್ನುವುದು ನಿಂತಿಲ್ಲ. ಬೆಳೆ ಮತ್ತು ಋತುವಿನಿಂದ ಹುಟ್ಟಿದ ಹಬ್ಬ ಅಲ್ಲಿ ನೆನಪಿನ ಬಲದಿಂದ ನಡೆಯುತ್ತದೆ.

ಆಚರಣೆಯೂ ಆಯಾ ನೆಲದ ಕಟ್ಟಳೆಗೆ ಒಗ್ಗಬೇಕು. ತಾಜಾ ಎಲೆ, ಹಣ್ಣು, ಬೀಜ ಒಯ್ಯಲು ಹಲವು ದೇಶಗಳಲ್ಲಿ ಬಿಗಿ ನಿರ್ಬಂಧವಿದೆ. ಹೊಗೆ ಕಂಡರೆ ಕೂಗುವ ಅಲಾರಂ ಇರುವ ಮನೆಯಲ್ಲಿ ಹೋಮ, ಧೂಪಕ್ಕೆ ಮುಂಜಾಗ್ರತೆ ಬೇಕು. ಕೆರೆ, ಹೊಳೆಗೆ ಬಿಡಲಾಗದ ಮಣ್ಣಿನ ಗಣಪನನ್ನು ಮನೆಯ ಬಕೆಟ್ಟಿನಲ್ಲೇ ವಿಸರ್ಜಿಸುವವರು ಬಹಳ.

ಬಂಧುಗಳಿಲ್ಲದ ಕೊರತೆಯನ್ನು ಅಲ್ಲಿ ತುಂಬುವುದು ಕನ್ನಡ ಕೂಟಗಳು. ಅಮೆರಿಕ 1965ರಲ್ಲಿ ವಲಸೆ ಕಾನೂನು ಸಡಿಲಿಸಿದ ಮೇಲೆ ವೈದ್ಯರು, ಎಂಜಿನಿಯರುಗಳು ಅಲ್ಲಿಗೆ ಹೋದಂತೆ ನಗರ ನಗರಗಳಲ್ಲಿ ಕೂಟಗಳು ಹುಟ್ಟಿದವು. ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ಯುಗಾದಿ, ದೀಪಾವಳಿ, ರಾಜ್ಯೋತ್ಸವ ನಡೆಸುವುದು, ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದು ಇವುಗಳ ಮುಖ್ಯ ಕೆಲಸ. ಹಾಗೆಯೇ ಮಂಗಳೂರಿನ ಕ್ಯಾಥೊಲಿಕ್ ಕ್ರೈಸ್ತರು ಕೊಲ್ಲಿ ದೇಶಗಳಲ್ಲಿದ್ದರೂ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಒಂದೆಡೆ ಸೇರುತ್ತಾರೆ. ಹೊಸ ಭತ್ತದ ತೆನೆಯ ಆ ಹಬ್ಬ ಗದ್ದೆಯಿಲ್ಲದ ನಾಡಿನಲ್ಲೂ ಉಳಿದಿದೆ.

ಮನೆ ಎಲ್ಲಿದೆ ಎಂಬ ಪ್ರಶ್ನೆಗೆ ಎಲ್ಲರ ಉತ್ತರ ಒಂದೇ ಅಲ್ಲ. ಕೊಲ್ಲಿ ದೇಶಗಳಲ್ಲಿ ಎಷ್ಟು ವರ್ಷ ದುಡಿದರೂ ಪೌರತ್ವ ಸಿಗುವುದು ಅತಿ ಅಪರೂಪ. ಅಲ್ಲಿ ದುಡಿಯುವ ಉಡುಪಿ, ಭಟ್ಕಳದವರಿಗೆ ಮನೆಯೆಂದರೆ ಊರೇ. ಗಳಿಕೆ, ಮದುವೆ, ಮುಪ್ಪಿನ ಯೋಜನೆ ಎಲ್ಲವೂ ಊರಿನತ್ತಲೇ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಪೌರತ್ವ ಪಡೆದವರ ಸ್ಥಿತಿ ಬೇರೆ. ಭಾರತ ದ್ವಿಪೌರತ್ವ ಒಪ್ಪುವುದಿಲ್ಲವಾದ್ದರಿಂದ ಅವರು ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಡೆಯುತ್ತಾರೆ. ಅದರಿಂದ ಜೀವನಪರ್ಯಂತ ವೀಸಾ ಇಲ್ಲದೆ ಬಂದುಹೋಗಬಹುದು. ಆದರೆ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅವರ ಮಕ್ಕಳಿಗೆ ಹುಟ್ಟಿದ ನಗರವೇ ಮನೆ, ಕರ್ನಾಟಕ ಅಜ್ಜಿ ತಾತನ ಊರು.

ಹೊರನಾಡಿನ ಹಬ್ಬ ತೋರಿಸಿಕೊಡುವ ಸತ್ಯವಿದು: ಮನೆಗೆ ನೆಲ ಬೇಕು, ಆದರೆ ನೆಲವೊಂದರಿಂದಲೇ ಮನೆಯಾಗದು. ಒಟ್ಟಿಗೆ ಉಣ್ಣುವ ಜನ, ಮಕ್ಕಳ ಕಿವಿಗೆ ಬೀಳುವ ಮಾತು, ಬಿಡದೆ ನಡೆಸುವ ರೂಢಿ ಇವೂ ಬೇಕು. ಊರಿನಲ್ಲಿ ಇವೆಲ್ಲ ತಾವಾಗಿ ಒದಗುತ್ತವೆ, ಪರದೇಶದಲ್ಲಿ ಶ್ರಮಪಟ್ಟು ಕೂಡಿಸಬೇಕು. ಹೊರಗಿರುವವರು ಮಕ್ಕಳಿಗೆ ಹಬ್ಬದ ಅಡುಗೆಯ ಜತೆ ಅದರ ಭಾಷೆಯನ್ನೂ ಉಣಬಡಿಸಲಿ. ಊರಿನಲ್ಲಿರುವವರು ಹಬ್ಬದ ದಿನ ದೂರದ ಬಂಧುವಿಗೆ ತಾವಾಗಿಯೇ ಒಂದು ಕರೆ ಮಾಡಲಿ.