ಹಳೆಯ ಕಾರಿನ ಕೀಲಿಗೂ ಬೇಕು ಕೀಲೆಣ್ಣೆ

ಬಂಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಮರೆತರೆ ಗಾಲಿಯೇ ಊರಿಗೆಲ್ಲ ಕೇಳುವಂತೆ ಕಿರುಗುಟ್ಟಿ ನೆನಪು ಮಾಡಿಕೊಡುತ್ತಿತ್ತು. ಮೋಟಾರು ಗಾಡಿಯ ಕೀಲು ಹಾಗಲ್ಲ. ಬಹಳ ದಿನ ಸುಮ್ಮನಿದ್ದು ಒಂದು ದಿನ ಒಮ್ಮೆಗೇ ಕೈ ಕೊಡುತ್ತದೆ.

ಬೀದರದ ಪಕ್ಕದ ನೌಬಾದದಲ್ಲಿ, ರಸ್ತೆ ಬದಿಯ ಒಂದು ಗ್ಯಾರೇಜಿನಲ್ಲಿ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಮಾಲೀಕರು ಒಕ್ಕಲುತನದವರು. ತಂದೆಯ ಕಾಲದ ಕಾರು. ತೊಗರಿ ರಾಶಿ ಮುಗಿದ ಮೇಲೆ ಒಂದಿಷ್ಟು ಹಣ ತೆಗೆದಿಟ್ಟು ರಿಪೇರಿಗೆ ತಂದಿದ್ದರು. ಹಿಂದಿನ ಶಾಫ್ಟಿಗೆ ಜೀಪಿನದೋ ಟ್ರ್ಯಾಕ್ಟರಿನದೋ ದಪ್ಪ ಜಾಯಿಂಟ್ ಕೂಡಿಸಿಬಿಟ್ಟರೆ ಜನ್ಮಕ್ಕೆ ಸಾಕಲ್ಲವೇ ಎಂಬುದು ಅವರ ಪ್ರಶ್ನೆ. ಮೆಕ್ಯಾನಿಕರ ಉತ್ತರ ಚಿಕ್ಕದು: “ಸಾವಕಾರ್ರೇ, ದಪ್ಪ ಜಾಯಿಂಟ್ ಮುರಿಯಲ್ಲ ಖರೇ. ಆದ್ರ ಒಳಗಿನ ಗೇರ್ ಮುರಿತದ.”

ಈ ಒಂದು ಮಾತಿನಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೂ, ಟ್ರ್ಯಾಕ್ಟರ್ ಇಟ್ಟುಕೊಂಡವರಿಗೂ ಬೇಕಾದ ಪಾಠವಿದೆ.

ಯಾವ ಕಾರಿಗೆ ಎಲ್ಲಿ ಕೀಲು?

ಅಂಬಾಸಿಡರ್ ಮತ್ತು ಹಳೆಯ ಫಿಯಟ್ ಕಾರುಗಳಲ್ಲಿ ಹಿಂದಿನ ಎರಡು ಗಾಲಿಗಳ ನಡುವೆ ಗಟ್ಟಿ ಹೌಸಿಂಗ್ ಇರುತ್ತದೆ. ಅದರೊಳಗಿನ ಶಾಫ್ಟುಗಳು ನೇರ, ಅವುಗಳಲ್ಲಿ ಕೀಲಿಲ್ಲ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಮಾತ್ರ ಕೀಲುಗಳಿವೆ.

ಹೆರಾಲ್ಡ್ ಬೇರೆ ಜಾತಿ. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಕಾರನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯವರು 1961ರಿಂದ ನಮ್ಮ ದೇಶದಲ್ಲಿ ತಯಾರಿಸಿದರು. ಇದರ ಹಿಂದಿನ ಗೇರುಗಳ ಡಬ್ಬಿ ಚಾಸಿಗೆ ಬಿಗಿದು ಕೂತಿರುತ್ತದೆ. ಅದರ ಎರಡೂ ಬದಿಗೆ ಒಂದೊಂದು ಕೀಲು, ಕೀಲಿನಾಚೆ ಶಾಫ್ಟ್, ಶಾಫ್ಟಿನ ತುದಿಗೆ ಗಾಲಿ. ಒಂದು ಗಾಲಿ ತಗ್ಗಿಗೆ ಬಿದ್ದರೂ ಇನ್ನೊಂದು ಅಲುಗದಿರುವುದು ಇದರ ಅನುಕೂಲ. ಆದರೆ ಇಲ್ಲಿ ಶಾಫ್ಟ್ ಗಾಲಿಯನ್ನು ತಿರುಗಿಸುವುದಲ್ಲದೆ ಅದನ್ನು ಸ್ಥಳದಲ್ಲಿ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಅಂಬಾಸಿಡರಿನ ಪ್ರೊಪೆಲ್ಲರ್ ಕೀಲು ಮುರಿದರೂ ಹಿಂದಿನ ಗಾಲಿಗಳು ತಮ್ಮ ಜಾಗದಲ್ಲೇ ಇರುತ್ತವೆ. ಹೆರಾಲ್ಡಿನ ಕೀಲು ಮುರಿದರೆ ಗಾಲಿಯೇ ಹಿಡಿತ ತಪ್ಪುತ್ತದೆ. 1972ರಲ್ಲಿ ಇದೇ ಕಂಪನಿಯಿಂದ ಬಂದ ಗೆಜೆಲ್ ಕಾರಿಗೆ ಗಟ್ಟಿ ಹೌಸಿಂಗನ್ನೇ ಕೊಡಲಾಯಿತು.

ಸವೆಯುವುದು ಹೇಗೆ?

ಈ ಕೀಲನ್ನು ಗ್ಯಾರೇಜಿನಲ್ಲಿ ‘ಕ್ರಾಸ್’ ಎನ್ನುತ್ತಾರೆ. ಅಡ್ಡಪಟ್ಟಿಯಂಥ ಉಕ್ಕಿನ ತುಂಡು. ಅದರ ನಾಲ್ಕು ತುದಿಗೆ ನಾಲ್ಕು ಕಪ್ಪು. ಪ್ರತಿ ಕಪ್ಪಿನೊಳಗೆ ಸೂಜಿಯಂಥ ತೆಳುವಾದ ಬೇರಿಂಗ್ ಕಡ್ಡಿಗಳ ಸಾಲು. ಗ್ರೀಸ್ ಆರಿದರೆ ಕಡ್ಡಿಗಳು ಉಕ್ಕಿನ ಮೇಲೆ ಗೆರೆ ಕೊರೆಯುತ್ತವೆ. ಕೆಂಪು ಧೂಳು ಒಳಹೊಕ್ಕರೆ ಅದು ಅರೆಯುವ ಪುಡಿಯಂತೆ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ತೇವ ಸೇರಿ ತುಕ್ಕು ಹಿಡಿಯುತ್ತದೆ.

ಬಾಗಿದ ಕೀಲು ಸಮವಾಗಿ ತಿರುಗುವುದೂ ಇಲ್ಲ. 30 ಡಿಗ್ರಿ ಬಾಗಿದಾಗ ಆಚೆ ಬದಿಯ ಶಾಫ್ಟ್ ಒಂದು ಸುತ್ತಿನಲ್ಲಿ ಎರಡು ಸಲ ಶೇಕಡಾ 15ರಷ್ಟು ಜೋರಾಗಿಯೂ, ಎರಡು ಸಲ ಶೇಕಡಾ 13ರಷ್ಟು ನಿಧಾನವಾಗಿಯೂ ತಿರುಗುತ್ತದೆ. 10 ಡಿಗ್ರಿಯಲ್ಲಿ ಈ ಏರಿಳಿತ ಶೇಕಡಾ ಒಂದೂವರೆ ಮಾತ್ರ. ಬಾಗು ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಈ ಏರಿಳಿತವಿಲ್ಲದ, ರಬ್ಬರ್ ಚೀಲದೊಳಗೆ ಗುಂಡುಗಳಿರುವ ಸಮವೇಗದ ಕೀಲು 1983ರಲ್ಲಿ ಬಂದ ಮಾರುತಿ 800ರ ಮುಂದಿನ ಗಾಲಿಗಳ ಮೂಲಕ ನಮ್ಮಲ್ಲಿ ಮನೆಮಾತಾಯಿತು.

ಮೊದಲು ಪರೀಕ್ಷೆ

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಇಳಿಸಿರಿ. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ಹೋಗಕೂಡದು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಬಿಟ್ಟು, ಕೀಲಿನ ಎರಡೂ ಬದಿ ಕೈಯಿಂದ ಹಿಡಿದು ಎದುರು ಬದುರು ತಿರುಗಿಸಿ ನೋಡಿರಿ. ಸಡಿಲು ಕಂಡರೆ, ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಕೀಲಿನ ಆಯುಷ್ಯ ಮುಗಿಯಿತು. ಕ್ಲಚ್ ಬಿಡುವಾಗ ಹಿಂದಿನಿಂದ ‘ಟಕ್’ ಎಂಬ ಸದ್ದು ಬರುವುದೂ ಒಂದು ಮುನ್ಸೂಚನೆ.

ಯಾವುದನ್ನು ಹಾಕಬೇಕು?

ಸುಧಾರಣೆ ಎಂದರೆ ದಪ್ಪ ಸಾಮಾನು ಎಂದಲ್ಲ. ಹೆಸರು ಹೇಳಿ ಕೊಳ್ಳುವುದೂ ಬೇಡ. ಕಪ್ಪಿನ ವ್ಯಾಸ, ಎದುರು ಬದುರಿನ ಕಪ್ಪುಗಳ ನಡುವಿನ ಅಳತೆ, ಇವೆರಡನ್ನೂ ವರ್ನಿಯರಿನಿಂದ ಅಳೆದು ಅದೇ ಅಳತೆಯ ಒಳ್ಳೆಯ ಕ್ರಾಸ್ ತನ್ನಿರಿ. ಶಾಫ್ಟಿನ ಕವೆಯ ರಂಧ್ರವೇ ಸವೆದಿದ್ದರೆ ಹೊಸ ಕ್ರಾಸ್ ಹಾಕಿ ಪ್ರಯೋಜನವಿಲ್ಲ.

ಕ್ರಾಸಿನಲ್ಲಿ ಎರಡು ಬಗೆ. ಗ್ರೀಸ್ ನಿಪ್ಪಲ್ ಇರುವುದು ಒಂದು. ತಯಾರಾಗುವಾಗಲೇ ಗ್ರೀಸ್ ತುಂಬಿ ಮುಚ್ಚಿದ್ದು ಇನ್ನೊಂದು. ಮುಚ್ಚಿದ್ದಕ್ಕೆ ಒಳಗೆ ತೂತಿಲ್ಲದ್ದರಿಂದ ತುಸು ಗಟ್ಟಿ, ಆದರೆ ಗ್ರೀಸ್ ಆರಿದರೆ ಮರಳಿ ತುಂಬುವಂತಿಲ್ಲ. ಕೈಯಲ್ಲಿ ಗ್ರೀಸ್ ಗನ್ ಹಿಡಿಯುವ ರೂಢಿಯುಳ್ಳ ರೈತನಿಗೆ ನಿಪ್ಪಲ್ ಇರುವುದೇ ಮೇಲು. ಗ್ರೀಸನ್ನು ನಾಲ್ಕೂ ಕಪ್ಪಿನ ಅಂಚಿನಲ್ಲಿ ಇಣುಕುವವರೆಗೆ ಒತ್ತಬೇಕು. ಮೂರರಲ್ಲಿ ಮಾತ್ರ ಬಂದರೆ ನಾಲ್ಕನೆಯದು ಒಣಗಿಯೇ ಇದೆ ಎಂದರ್ಥ.

ಕ್ರಾಸ್ ಕೂಡಿಸುವಾಗ ಕವೆಯ ಮೇಲೆ ಸುತ್ತಿಗೆಯಿಂದ ಬಡಿಯದೆ, ವೈಸಿನಲ್ಲಿ ಹಿಡಿದು ಕಪ್ಪನ್ನು ಒತ್ತಬೇಕು. ಒಂದು ಕಡ್ಡಿ ಜಾರಿ ಅಡ್ಡ ಬಿದ್ದರೂ ಕಪ್ಪು ಪೂರ್ತಿ ಕೂರುವುದಿಲ್ಲ, ಸರ್ಕ್ಲಿಪ್ ಗಾಡಿಗೆ ಇಳಿಯುವುದಿಲ್ಲ. ಆಗ ಒತ್ತಾಯ ಮಾಡದೆ ಬಿಚ್ಚಿ ನೋಡುವುದೇ ಜಾಣತನ. ಹೆರಾಲ್ಡಿನ ಹಿಂದಿನ ಅಡ್ಡ ಪಟ್ಟಾ ಸ್ಪ್ರಿಂಗಿನಲ್ಲಿ ಭಾರಿ ಬಿಗಿತವಿರುತ್ತದೆ; ಗಾಲಿಯ ಹಬ್ಬು ತೆಗೆಯಲು ಬಲವಾದ ಪುಲ್ಲರ್ ಬೇಕು. ಆದುದರಿಂದ ಶಾಫ್ಟ್ ಬಿಚ್ಚುವ ಕೆಲಸವನ್ನು ಬಲ್ಲವರಿಗೇ ಒಪ್ಪಿಸಿರಿ. ಬಿಚ್ಚಿದ ಸೆಲ್ಫ್ ಲಾಕ್ ನಟ್ಟುಗಳನ್ನು ಮರಳಿ ಬಳಸಬಾರದು.

ಕಾಯಿದೆಯ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಕಾರು ಮೂಲ ರೂಪದಲ್ಲೇ ಉಳಿದಿರಬೇಕೆಂಬುದು ಅದರ ಷರತ್ತು. ಅದೇ ಅಳತೆಯ ಕ್ರಾಸ್ ಬದಲಿಸುವುದು ರಿಪೇರಿ. ಚಾಸಿ ಕೊಯ್ದು ಬೇರೆ ಹೌಸಿಂಗ್ ಕೂಡಿಸುವುದು ಮಾರ್ಪಾಡು. ಅಂಥ ಕೆಲಸಕ್ಕೆ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿರಿ.

ಹೊಲದಲ್ಲೂ ಅದೇ ಕೀಲು

ಕಾರಿಲ್ಲದ ರೈತನ ಮನೆಯಲ್ಲೂ ಈ ಕ್ರಾಸ್ ಇದೆ. ಟ್ರ್ಯಾಕ್ಟರಿನಿಂದ ರೋಟಾವೇಟರಿಗೆ, ರಾಶಿ ಯಂತ್ರಕ್ಕೆ ಹೋಗುವ ಪಿಟಿಓ ಶಾಫ್ಟಿನ ಎರಡು ತುದಿಗಳಲ್ಲಿರುವುದು ಇದೇ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಧೋತರದ ಚುಂಗು, ಸೀರೆಯ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಆದುದರಿಂದ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಕಿತ್ತೊಗೆಯಬಾರದು. ರೋಟಾವೇಟರ್ ಮೇಲೆತ್ತುವಾಗ ಪಿಟಿಓ ನಿಲ್ಲಿಸಬೇಕು. ಹೆಚ್ಚು ಬಾಗಿದ ಕೀಲಿಗೆ ಬೀಳುವ ಪೆಟ್ಟನ್ನು ಮೇಲೆ ಹೇಳಿದೆ. ಗ್ರೀಸ್ ಹಾಕುವಾಗ ಎಂಜಿನ್ ಬಂದ್ ಆಗಿರಬೇಕು, ಕೀಲಿಕೈ ನಿಮ್ಮ ಜೇಬಿನಲ್ಲಿರಬೇಕು.

ಅನೇಕ ಪಿಟಿಓ ಶಾಫ್ಟುಗಳಲ್ಲಿ ಒಂದು ಶಿಯರ್ ಬೋಲ್ಟ್ ಇರುತ್ತದೆ. ಕಲ್ಲಿಗೆ ಸಿಕ್ಕಿಕೊಂಡಾಗ ತಾನು ಕತ್ತರಿಸಿಕೊಂಡು ಗೇರ್ ಬಾಕ್ಸ್ ಉಳಿಸುವುದೇ ಅದರ ಕೆಲಸ. ಪದೇ ಪದೇ ಮುರಿಯಿತೆಂದು ಅಲ್ಲಿ ಗಟ್ಟಿ ಬೋಲ್ಟ್ ಬಿಗಿದವನು ಹತ್ತು ರೂಪಾಯಿ ಉಳಿಸಲು ಹೋಗಿ ಸಾವಿರಗಳನ್ನು ಕಳೆದುಕೊಳ್ಳುತ್ತಾನೆ. ನೌಬಾದದ ಮೆಕ್ಯಾನಿಕರು ಹೇಳಿದ್ದೂ ಇದನ್ನೇ.

ಕಾರಿನ ಮಾಲೀಕರು ಕೊನೆಗೆ ಮೂಲ ಅಳತೆಯ, ನಿಪ್ಪಲ್ ಇರುವ ಎರಡು ಕ್ರಾಸ್ ಹಾಕಿಸಿದರು. ಉಳಿದ ಹಣದಲ್ಲಿ ಒಂದು ಗ್ರೀಸ್ ಗನ್ ಕೊಂಡರು. ಕಾರಿಗೆ ಹಾಕಿದ ದಿನವೇ ಪಿಟಿಓ ಶಾಫ್ಟಿಗೂ ಹಾಕುವುದಾಗಿ ಹೇಳಿದರು. ಬಂಡಿ ಹೋಯಿತು; ಕೀಲೆಣ್ಣೆಯ ರೂಢಿ ಹೋಗಬಾರದು.